ನೆರಳು ನೋಡುವ ಗೋಡೆ

ನಮ್ಮೂರಿನ ಯಾವ ಮನೆಗೆ ಬಂದರೂ ಒಂದು ಗೋಡೆ ಬೋಳಾಗಿರುತ್ತದೆ. ಅದಕ್ಕೆ ಕ್ಯಾಲೆಂಡರ್ ಇಲ್ಲ, ದೇವರ ಫೋಟೋ ಇಲ್ಲ, ಅಂಗಿ ನೇತುಹಾಕಲು ಒಂದು ಮೊಳೆ ಕೂಡ ಇಲ್ಲ. ಬೆಳಗಿನ ಬಿಸಿಲು ಬಾಗಿಲಿನಿಂದ ನೇರ ಬಂದು ಬೀಳುವ ಗೋಡೆ ಅದು. ಮುಖ ತೊಳೆದ ಮೇಲೆ ಮನೆಮಂದಿ ಒಬ್ಬೊಬ್ಬರಾಗಿ ಅದರ ಮುಂದೆ ನಿಲ್ಲುತ್ತಾರೆ, ಇನ್ನೊಬ್ಬರು ಅವರ ನೆರಳು ನೋಡಿ ಬಣ್ಣ ಹೇಳುತ್ತಾರೆ. ರಕ್ತದಲ್ಲಿ ಉಸಿರು ತುಂಬಿದ್ದರೆ ನೆರಳು ಕಪ್ಪು. ಉಸಿರು ಕಮ್ಮಿಯಾದಷ್ಟೂ ನೆರಳು ತೆಳು. ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನೀರು ಯಾಕೆ ಒದ್ದೆ ಅಂತ ನೀವು ಕೇಳುತ್ತೀರಾ?

ತನ್ನ ನೆರಳಿನ ಬಣ್ಣ ತಾನೇ ಹೇಳಿಕೊಳ್ಳುವ ಹಾಗಿಲ್ಲ. ತನ್ನ ವಿಷಯ ಬಂದಾಗ ಮನುಷ್ಯ ಒಂದೋ ಜಿಪುಣ, ಇಲ್ಲವೇ ಧಾರಾಳಿ. ಅದಕ್ಕೇ ಇನ್ನೊಬ್ಬರ ಕಣ್ಣು ಬೇಕು. ಕೊಡ ಹೊತ್ತು ಬಂದ ಕೂಡಲೇ ನೋಡಬಾರದು. ಕೂತು, ಎದೆ ತಣ್ಣಗಾದ ಮೇಲೆ ನಿಲ್ಲಬೇಕು. ಬಲ್ಬಿನ ಬೆಳಕಿನಲ್ಲಿ ನೋಡಬಾರದು, ಅದರಲ್ಲಿ ಎಲ್ಲರೂ ಪೈಲ್ವಾನರೇ. ಮೋಡ ಮುಚ್ಚಿದ ದಿನವಂತೂ ಊರಿಗೂರೇ ತಬ್ಬಿಬ್ಬು. ಅವತ್ತು ನಮ್ಮ ಜನರನ್ನು ನೋಡಬೇಕು. "ಹೆಂಗದೀಯಪ್ಪಾ, ಮೆಟ್ಲು ಹತ್ತಿದ್ಯಾ, ನಿದ್ದೆ ಬಂತಾ, ತಿಂದಿದ್ದು ಮೈಗೆ ಹತ್ತಿತಾ" ಅಂತ ಒಬ್ಬರನ್ನೊಬ್ಬರು ಬಾಯಿಬಿಟ್ಟು ಕೇಳುತ್ತಾರೆ. ಬಿಸಿಲಿದ್ದ ದಿನ ಆ ಮಾತುಗಳ ಅಗತ್ಯವೇ ಬೀಳುವುದಿಲ್ಲ.

ನನಗೆ ಈ ಗೋಡೆಯ ಮುಂದೆ ಇವತ್ತಿಗೂ ಮೈ ಜುಮ್ಮೆನ್ನುವುದು ಕೂಸು ಹುಟ್ಟಿದಾಗ. ನಮ್ಮ ಓಣಿಯಲ್ಲಿ ಹೆರಿಗೆಯಾದರೆ ಸೂಲಗಿತ್ತಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಬಿಸಿಲಿಗೆ ಹಿಡಿಯುತ್ತಾಳೆ. ಗೋಡೆಯ ಮೇಲೆ ಮೊದಲು ಹೊಗೆಯಂಥದೇನೋ ಮೂಡುತ್ತದೆ, ಇದೆಯೋ ಇಲ್ಲವೋ ಅನ್ನುವಷ್ಟು. ಕೂಸು ಅಳುತ್ತದೆ. ಒಂದೊಂದು ಕೂಗಿಗೂ ಆ ಹೊಗೆ ಗಟ್ಟಿಯಾಗುತ್ತಾ, ಬೂದಿಯಾಗಿ, ಕಬ್ಬಿಣವಾಗಿ, ಕೊನೆಗೆ ಕಾಡಿಗೆಯಂತೆ ಕಪ್ಪಾಗಿ ನಿಲ್ಲುತ್ತದೆ. ಆಗ ಹೊರಗೆ ಕಾಯುತ್ತಿದ್ದ ಗಂಡಸರು ಉಸಿರು ಬಿಡುತ್ತಾರೆ. ಹತ್ತಾರು ಸಲ ನೋಡಿದ್ದೇನೆ. ಒಂದು ಸಲವೂ ಕಣ್ಣು ಮಿಟುಕಿಸಲಾಗಿಲ್ಲ.

ನಾನು ಶಾಂತಮ್ಮ. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಯಾರೂ ಕಲಿಸಿದ್ದಲ್ಲ, ಹಳೆ ರವಿಕೆಗಳನ್ನು ಬಿಚ್ಚಿ ಬಿಚ್ಚಿ ಕಲಿತದ್ದು. ಬಟ್ಟೆಗೆ ದಾರದ ಬಣ್ಣ ಹೊಂದಿಸಿ ಹೊಂದಿಸಿ ಕಣ್ಣು ಪಳಗಿದೆ. ಹಾಗಾಗಿ ನಮ್ಮ ಮನೆಯಲ್ಲಿ ನೆರಳು ನೋಡುವ ಕೆಲಸ ನನ್ನದೇ. ಮನೆಯಲ್ಲಿ ಇರುವವರು ಮೂವರು: ನಾನು, ನಮ್ಮಣ್ಣ ಚನ್ನವೀರಪ್ಪ, ಅತ್ತಿಗೆ ಹಾಲಮ್ಮ. ಅಣ್ಣನದು ಮಂಡಕ್ಕಿ ಭಟ್ಟಿ. ಹೆಸರಿಗೆ ಅಣ್ಣನದು, ಆದರೆ ಒಲೆಯ ಮುಂದೆ ಕೂತು ಕಾದ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸಿದವಳು ಅತ್ತಿಗೆ. ಮದುವೆಯಾಗಿ ಬಂದ ವಾರದಿಂದ ಶುರು ಮಾಡಿದವಳು ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವರೆಗೂ ಆ ಹೊಟ್ಟಿನ ಹೊಗೆಯ ಮುಂದೆಯೇ ಕೂತಳು. ಅವಳ ಮಂಡಕ್ಕಿ ಮಲ್ಲಿಗೆಯಷ್ಟು ಬಿಳುಪು. ಮಂಡಕ್ಕಿ ಬೆಳ್ಳಗಾಗುತ್ತಾ ಹೋದ ಹಾಗೆ ಅವಳ ನೆರಳೂ ಬೆಳ್ಳಗಾಗುತ್ತಾ ಬಂತು. ಮೊದಲು ಕೆಮ್ಮು, ಆಮೇಲೆ ನೀರಿನ ಮನೆಗೆ ಹೋಗಿ ಬರುವಷ್ಟರಲ್ಲಿ ಏದುಸಿರು, ಆಮೇಲೆ ಸೆರಗು ಸರಿಮಾಡಿಕೊಳ್ಳಲೂ ನಿಂತು ಸುಧಾರಿಸಿಕೊಳ್ಳಬೇಕು. ದೊಡ್ಡಾಸ್ಪತ್ರೆಯಲ್ಲಿ, ಶ್ವಾಸಕೋಶ ಸವೆದಿದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿ ಅಂದರು.

ಉಸಿರು ಸವೆದರೂ ಅತ್ತಿಗೆಯ ನಾಲಿಗೆ ಸವೆದಿರಲಿಲ್ಲ. ನಮ್ಮೆದುರು ಮನೆಯ ತಿಪ್ಪಕ್ಕನಿಗೂ ಅವಳಿಗೂ ದಿನಾ ಬೆಳಿಗ್ಗೆ ಒಂದು ಜುಗಲ್ಬಂದಿ ಆಗಲೇಬೇಕು. ತಿಪ್ಪಕ್ಕನದು ಓಣಿಗೇ ಕಪ್ಪು ನೆರಳು. ಅವಳು ಅಂಗಳ ದಾಟಿದರೆ ಕೋಳಿಗಳು ರಾತ್ರಿಯಾಯಿತೆಂದು ಗೂಡು ಸೇರುತ್ತವೆ ಅಂತ ಅತ್ತಿಗೆಯೇ ಆಡಿಕೊಳ್ಳುತ್ತಿದ್ದಳು.

"ಏನ್ ಹಾಲಮ್ಮಾ, ನಿನ್ನ ನೆರಳು ಹುಡುಕಾಕೆ ಕನ್ನಡಕ ತರಬೇಕೇನು?" ಅಂತ ತಿಪ್ಪಕ್ಕ ಶುರು ಮಾಡುವಳು.

"ತಾರವ್ವಾ ತಾ. ನಿನ್ನ ನೆರಳಿನಿಂದ ಮಸಿ ಕೆರಕಂಡು ಮಾರಬಹುದಂತೆ, ಅದಕ್ಕೊಂದು ಡಬ್ಬಾನೂ ತಗಂಬಾ," ಅಂತ ಅತ್ತಿಗೆ ಮೂರು ಸಲ ಉಸಿರು ತಗೊಂಡು, ಮಾತು ಮುಗಿಸಿಯೇ ಬಿಡುವಳು. ಇಬ್ಬರಿಗೂ ಆಮೇಲೆಯೇ ಚಾ ರುಚಿ.

ಆರೋಗ್ಯ ಕೇಂದ್ರದ ಸಿಸ್ಟರ್ ಜುಬೇದಾ ಹೊರಗಿನಿಂದ ಬಂದವರು. ಅವರ ಊರಲ್ಲಿ ಎಲ್ಲರ ನೆರಳೂ ಒಂದೇ ಬಣ್ಣವಂತೆ, ಪಾಪ! ಅವರ ಹತ್ತಿರ ಬೆರಳಿಗೆ ಕಚ್ಚಿಸುವ ಪುಟ್ಟ ಮಷಿನ್ ಇದೆ. ಬೆರಳ ತುದಿಯಲ್ಲಿ ಕೆಂಪು ಬೆಳಕು ಹತ್ತುತ್ತದೆ, ಸಂಖ್ಯೆ ಬರುತ್ತದೆ. ಮೊದಮೊದಲು ನಮ್ಮ ಗೋಡೆ ನೋಡಿ ಬೆದರಿದ್ದವರು ಆಮೇಲೆ ಮಷಿನ್‌ಗೂ ಗೋಡೆಗೂ ತಾಳೆ ಹಾಕಿ ನೋಡಿ, "ಎರಡೂ ಒಂದೇ ಮಾತು ಹೇಳ್ತಾವಲ್ರೀ!" ಅಂತ ನಕ್ಕುಬಿಟ್ಟಿದ್ದರು. ಅತ್ತಿಗೆಗೆ ಗಾಳಿಪೆಟ್ಟಿಗೆ ತರಿಸಿಕೊಟ್ಟವರೂ ಅವರೇ. ಮೊಣಕಾಲೆತ್ತರದ ಪೆಟ್ಟಿಗೆ, ಗುರ್ ಅಂತ ಸದ್ದು, ಮುಂದುಗಡೆ ಒಂದು ಗಾಜಿನ ಕೊಳವೆ. ತಿರುಪು ತಿರುಗಿಸಿದರೆ ಕೊಳವೆಯೊಳಗೆ ಗೋಲಿಯೊಂದು ಮೇಲೇಳುತ್ತದೆ. ಪೆಟ್ಟಿಗೆಯಿಂದ ಹೊರಟ ತೆಳ್ಳನೆ ನಳಿಗೆ ಮೂಗಿಗೆ.

"ಶಾಂತಮ್ಮಾ, ಇಲ್ಲಿ ನೋಡಿ," ಅಂದರು ಜುಬೇದಾ. "ಗೋಲಿ ಒಂದನೇ ಗೆರೆ ಮೇಲೇ ನಿಲ್ಲಬೇಕು. ಇವರ ಎದೆಗೆ ಅಷ್ಟೇ ಅಳತೆ. ನನ್ನ ಮಷಿನ್ ಲೆಕ್ಕದಲ್ಲಿ ಎಂಬತ್ತೆಂಟರಿಂದ ತೊಂಬತ್ತೆರಡು. ನಿಮ್ಮ ಗೋಡೆ ಲೆಕ್ಕದಲ್ಲಿ ಏನಂತೀರೋ ನೀವೇ ಹೇಳಿ."

ಅವತ್ತು ಗೋಡೆಯ ಮೇಲೆ ಅತ್ತಿಗೆಯ ನೆರಳು ಒಲೆಯ ಬೂದಿಯ ಬಣ್ಣಕ್ಕಿತ್ತು. ತಣ್ಣಗಾದ ಬೂದಿಯಲ್ಲ, ಕೆಳಗೆ ಇನ್ನೂ ಕೆಂಡ ಇರುವ ಬೂದಿ. ಹಾಗಂತ ಹೇಳಿದೆ.

"ಹಾಗಿದ್ರೆ ಆ ಬೂದೀನೇ ಇವರ ಬಣ್ಣ. ಅದಕ್ಕಿಂತ ತೆಳು ಆದ್ರೆ ನನಗೆ ಹೇಳಿ. ಕಪ್ಪಾದ್ರೂ ಹೇಳಿ."

"ಕಪ್ಪಾದ್ರೆ ಹೇಳೋದೇನೈತೆ ಸಿಸ್ಟರ್, ಪೇಡೆ ಹಂಚ್ತೀವಿ!" ಅಂದ ನಮ್ಮಣ್ಣ. ಎಲ್ಲರೂ ನಕ್ಕೆವು. ಜುಬೇದಾ ಮಾತ್ರ ನಗಲಿಲ್ಲ. "ಹೇಳಿ," ಅಂತ ಇನ್ನೊಮ್ಮೆ ಅಂದು ಹೊರಟರು. ಅವರ ಆ ಮಾತು ನಮ್ಮೂರಿನ ಕಿವಿಗೆ ಇಳಿಯುವಂಥದಾಗಿರಲಿಲ್ಲ. ಕಪ್ಪಿಗಿಂತ ಒಳ್ಳೆಯದು ನಮ್ಮಲ್ಲಿ ಏನಿದೆ? ಹರಸುವಾಗ "ನಿನ್ನ ನೆರಳು ಕರ್ರಗಿರಲಿ" ಅನ್ನುವ ಜನ ನಾವು.

ಹೀಗೆ ಬೂದಿ ಬಣ್ಣದಲ್ಲೇ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದವು. ಅತ್ತಿಗೆ ನಳಿಗೆ ಸಿಕ್ಕಿಸಿಕೊಂಡೇ ಸೊಪ್ಪು ಬಿಡಿಸುವಳು, ಬೆಳ್ಳುಳ್ಳಿ ಸುಲಿಯುವಳು, ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುವಳು. ಅಷ್ಟರಲ್ಲಿ ಅವಳ ತಂಗಿ ಕೆಂಚಮ್ಮ ಬರುತ್ತೇನೆಂದು ಫೋನ್ ಮಾಡಿದಳು. ಕೆಂಚಮ್ಮನನ್ನು ಕೊಟ್ಟದ್ದು ಹೊಳೆಯಾಚೆಯ ಊರಿಗೆ, ಅಲ್ಲೂ ನೆರಳು ನೋಡುವ ಜನವೇ. ಬಹಳ ವರ್ಷ ಬಂದಿರಲಿಲ್ಲ. ಅಕ್ಕನಿಗೆ ಕಾಯಿಲೆ ಅನ್ನುವುದೇ ಅವಳಿಗೆ ಗೊತ್ತಿಲ್ಲ. ತಾಯಿಯಿಲ್ಲದ ತಂಗಿಯನ್ನು ಅತ್ತಿಗೆಯೇ ಸೊಂಟದಲ್ಲಿ ಹೊತ್ತು ಬೆಳೆಸಿದವಳು. "ಅವಳಿಗೆ ಹೇಳಬ್ಯಾಡ್ರಿ, ಅಲ್ಲಿ ಕುಂತು ಅತ್ತು ಸಾಯ್ತಾಳೆ" ಅಂತ ಕಟ್ಟಪ್ಪಣೆ ಮಾಡಿದ್ದಳು.

ಫೋನ್ ಇಟ್ಟ ಮೇಲೆ ಅತ್ತಿಗೆ ಬಹಳ ಹೊತ್ತು ಗೋಡೆ ನೋಡುತ್ತಾ ಕೂತಳು.

"ರೀ," ಅಂದಳು ಅಣ್ಣನಿಗೆ, "ಆ ಗೋಲಿ ಇನ್ನೊಂಚೂರು ಮ್ಯಾಲೆ ಹೋಗಲ್ಲೇನು?"

"ಹೋಗತೈತೆ. ಐದು ಗೆರೆ ಅದಾವಲ್ಲ."

"ಅವಳು ಬಂದು ಹೋಗಗಂಟ ಏರಿಸ್ರಿ. ಅವಳ ಕಣ್ಣಿಗೆ ನಾನು ಬೂದಿಯಾಗಿ ಕಾಣಬಾರ್ದು."

"ಸಿಸ್ಟರ್ ಬ್ಯಾಡ ಅಂದಾರೆ, ಅತ್ತಿಗೆಮ್ಮಾ," ಅಂದೆ.

"ಸಿಸ್ಟರ್‌ಗೆ ತಂಗಿ ಇದ್ದಾಳೇನು? ಇದ್ರೆ ಗೊತ್ತಿರೋದು. ಎರಡೇ ದಿನ ಕಣೇ. ಗಾಳಿ ಅಲ್ವೇನು, ವಿಷ ಕುಡೀತೀನಾ? ಬಿಟ್ಟಿ ಸಿಕ್ಕಿದ ಗಾಳಿಗೂ ಲೆಕ್ಕ ಹಾಕ್ತೀಯಲ್ಲ, ನಿಮ್ಮಪ್ಪನ ಮನೆ ಬುದ್ಧಿ ಹೋಗಲಿಲ್ಲ ನೋಡು."

ನಮ್ಮಪ್ಪನ ಮನೆ ಅಂದರೆ ಅವಳು ಬಾಳುತ್ತಿದ್ದ ಮನೆಯೇ. ಅಣ್ಣ ನಕ್ಕು, ಬಗ್ಗಿ, ತಿರುಪು ತಿರುಗಿಸಿದ. ಗೋಲಿ ಎರಡು, ಮೂರು, ನಾಲ್ಕು ದಾಟಿ ಐದರಲ್ಲಿ ಕುಣಿಯಿತು. ಹೆಂಡತಿ ಕೇಳಿದ್ದನ್ನು ಕೊಡಲು ಅವನ ಕೈಗೆ ಬಹಳ ದಿನಗಳ ಮೇಲೆ ಏನೋ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಅತ್ತಿಗೆ ಗೋಡೆಯ ಮುಂದೆ ನಿಂತಳು. ಅವಳ ನೆರಳಿಗೆ ಅಂಚು ಬಂದಿತ್ತು. ಮೂಗಿನ ಗೆರೆ, ತುರುಬಿನ ಗಂಟು, ಕಿವಿಯ ಓಲೆ ಎಲ್ಲ ಕತ್ತರಿಯಿಂದ ಕತ್ತರಿಸಿಟ್ಟ ಹಾಗೆ. ಮೈಯೆಲ್ಲ ಕಪ್ಪು, ತುಂಬಿದ ಕಪ್ಪು, ಎಳ್ಳಿನ ಕಪ್ಪು. ಮದುವೆಯಾಗಿ ಬಂದ ಹೊಸದರಲ್ಲಿ ಈ ಗೋಡೆಯ ಮೇಲೆ ಕಂಡಿದ್ದ ಹುಡುಗಿ ಮತ್ತೆ ಬಂದು ನಿಂತಿದ್ದಳು. ಅಣ್ಣ ಹಿಂದೆ ನಿಂತವನು ಹಾಗೇ ಕೈ ಮುಗಿದ. ನಾನೂ ಕೈ ಮುಗಿದೆ, ಯಾಕೆ ಮುಗಿದೆನೋ ಗೊತ್ತಿಲ್ಲ.

"ಬಣ್ಣ ಹೇಳೇ," ಅಂದಳು ಅತ್ತಿಗೆ.

"ಕಾಡಿಗೆ, ಅತ್ತಿಗೆಮ್ಮಾ. ಕಾಡಿಗೆ."

ಸುದ್ದಿ ಓಣಿ ತುಂಬಿತು. ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಬಿಸಿಲಿಗೆ ಅಡ್ಡ ಬಾರದೆ ಬಾಗಿಲ ಬದಿಯಲ್ಲಿ ನಿಂತು ನೋಡಿದರು. ಅತ್ತಿಗೆಗೆ ತಲೆ ಸ್ವಲ್ಪ ನೋಯುತ್ತಿತ್ತಂತೆ. "ನಿಮ್ಮ ಕಣ್ಣು ತಾಗಿ," ಅಂತ ಬೈದು ದೃಷ್ಟಿ ತೆಗೆಸಿಕೊಂಡಳು. ಮಧ್ಯಾಹ್ನ ಉಣ್ಣುವಾಗ ತುತ್ತು ಕೈಯಲ್ಲೇ ಹಿಡಿದು ತೂಕಡಿಸಿದಳು. ತಂಗಿ ಬರುವ ಸಂಭ್ರಮಕ್ಕೆ ರಾತ್ರಿ ನಿದ್ದೆ ಮಾಡಿಲ್ಲ ಅಂದುಕೊಂಡೆವು.

ಅದರ ಮಾರನೆಯ ದಿನ ಬೆಳಗಿನ ಬಸ್ಸಿಗೆ ಕೆಂಚಮ್ಮ ಬಂದಳು. ಅತ್ತಿಗೆಯನ್ನು ಎಬ್ಬಿಸಿ, ಗೋಡೆಯ ಮುಂದೆ ಕುರ್ಚಿ ಹಾಕಿ, ಹೊಸ ಸೀರೆ ಉಡಿಸಿ ಕೂರಿಸಿದ್ದೆವು. ಕೆಂಚಮ್ಮ ಹೊಸ್ತಿಲಲ್ಲಿ ನಿಂತು ಗೋಡೆ ನೋಡಿದಳು. ಚೀಲ ಕೈಯಿಂದ ಜಾರಿತು.

"ಅವ್ವಯ್ಯಾ! ನಮ್ಮಕ್ಕ ಎಷ್ಟು ಚೆಂದ ಕಪ್ಪಾಗ್ಯಾಳೆ! ಭಾವ, ಏನು ತಿನ್ನಿಸ್ತೀರಿ ಇವಳಿಗೆ?" ಅಂತ ಓಡಿ ಬಂದು ಅಕ್ಕನ ಕೆನ್ನೆ ಹಿಡಿದಳು. "ಕೆನ್ನೆನೂ ಕೆಂಪಗದಾವೆ, ಕೈನೂ ಬೆಚ್ಚಗದಾವೆ. ಮೂಗಿಗೇನಿದು ದಾರ?"

"ನೆಗಡಿ," ಅಂದ ಅಣ್ಣ. ಅತ್ತಿಗೆ ತಂಗಿಯನ್ನು ನೋಡಿ ನಕ್ಕಳು. ನಿಧಾನವಾಗಿ, ನೀರಿನೊಳಗಿನಿಂದ ನಕ್ಕ ಹಾಗೆ. ಕಣ್ಣು ಮತ್ತೆ ಮುಚ್ಚಿದವು. ಗೋಡೆಯ ಮೇಲಿನ ನೆರಳು ಮಾತ್ರ ಇನ್ನಷ್ಟು ಮಿರಮಿರ ಮಿಂಚುತ್ತಿತ್ತು.

ಅಷ್ಟರಲ್ಲಿ ತಿಪ್ಪಕ್ಕ ಬಂದಳು. ತನಗಿಂತ ಕಪ್ಪು ನೆರಳು ಓಣಿಯಲ್ಲಿ ಹುಟ್ಟಿದೆ ಅಂತ ಅವಳಿಗೆ ನಿನ್ನೆಯಿಂದ ಒಳಗೇ ಬೇಗುದಿ. ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನು ಹಾಲಮ್ಮಾ, ಭಟ್ಟಿ ಮಸಿ ಬಳ್ಕಂಡು ಕುಂತೀಯೇನು ಗೋಡಿಗೆ?"

ಅತ್ತಿಗೆ ಸುಮ್ಮನಿದ್ದಳು.

"ತಂಗಿ ಬಂದಳಂತ ದೊಡ್ಡಸ್ತಿಕಿನೇನು? ನಿನಗಿಂತ ನಿನ್ನ ಮಂಡಕ್ಕಿಗೇ ಜಂಬ ಜಾಸ್ತಿ ಅಂತಿದ್ದೆ, ಈಗ ನೋಡಿದ್ರೆ ನಿಂಗೇ ಜಾಸ್ತಿ ಐತಲ್ಲೇ."

ಅತ್ತಿಗೆಯ ತುಟಿ ಅಲುಗಿತು. ಮಾತು ಬರಲಿಲ್ಲ. ಗದ್ದ ಎದೆಗೆ ಬಿತ್ತು.

ತಿಪ್ಪಕ್ಕನ ಮುಖದ ಬಣ್ಣ ಇಳಿಯಿತು. ನನ್ನ ಕಡೆ ತಿರುಗಿದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅವತ್ತೇ ಕೇಳಿದ್ದು. "ಶಾಂತೀ, ಹಾಲಮ್ಮ ನಂಗೆ ತಿರುಗಿ ಅನ್ನಲಿಲ್ಲ ಕಣೇ."

ಅತ್ತಿಗೆಯ ಭುಜ ಹಿಡಿದು ಅಲ್ಲಾಡಿಸಿದೆ. ಕಣ್ಣು ಅರ್ಧ ತೆರೆದು ನನ್ನನ್ನು "ಅವ್ವಾ" ಅಂತ ಕರೆದಳು, ಮತ್ತೆ ಮುಳುಗಿದಳು. ಅವಳ ಕೈ ತಂತಾನೇ ಹಕ್ಕಿಯ ರೆಕ್ಕೆಯಂತೆ ಅದುರುತ್ತಿತ್ತು. ಜುಬೇದಾಗೆ ಫೋನ್ ಹಚ್ಚಿದೆ. ನನ್ನ ಮಾತು ಮುಗಿಯುವ ಮುಂಚೆಯೇ ಅವರು ಕೇಳಿದರು:

"ಗೋಲಿ ಎಷ್ಟರಲ್ಲಿದೆ?"

"ಐದರಾಗೆ."

"ಎಷ್ಟು ಹೊತ್ತಿಂದ?"

"ಮೊನ್ನೆ ಸಂಜೆಯಿಂದ."

ಅವರು ಬೈಯಲಿಲ್ಲ. "ಪೂರ್ತಿ ನಿಲ್ಲಿಸಬೇಡಿ. ಒಂದನೇ ಗೆರೆಗೆ ಇಳಿಸಿ. ನೇರ ಕೂರಿಸಿ. ಹೆಸರು ಹಿಡಿದು ಕೂಗ್ತಾನೇ ಇರಿ, ಮಲಗೋಕೆ ಬಿಡಬೇಡಿ. ಆಂಬುಲೆನ್ಸ್ ಕರ್ಕೊಂಡು ಬರ್ತಿದೀನಿ. ಗೋಡೆ ಈಗ ಒಳಗೆ ಹೋದ ಗಾಳಿಯನ್ನಷ್ಟೇ ತೋರಿಸ್ತಿದೆ ಶಾಂತಮ್ಮಾ. ಗಾಳಿ ಅತಿಯಾದ್ರೆ ಸವೆದ ಎದೆ ಕೆಟ್ಟ ಗಾಳಿ ಹೊರಗೆ ಹಾಕೋದನ್ನ ಮರೆಯುತ್ತೆ, ಹಾಗೆ ಒಳಗೇ ಉಳಿದದ್ದು ಗೋಡೆಗೆ ಕಾಣಲ್ಲ."

ತಿರುಪಿಗೆ ಕೈ ಹಾಕಿದೆ. ಅಣ್ಣ ನನ್ನ ಮಣಿಕಟ್ಟು ಹಿಡಿದ. "ಬ್ಯಾಡ ಕಣೇ. ತೆಳ್ಳಗಾಗ್ತಾಳೆ. ನೋಡಲ್ಲಿ, ಎಷ್ಟು ಚೆನ್ನಾಗದಾಳೆ! ಗಾಳಿ ಕಮ್ಮಿ ಆದ್ರೆ ಸತ್ತೋಗ್ತಾಳೆ."

ನನಗೂ ಹಾಗೇ ಅನ್ನಿಸುತ್ತಿತ್ತು, ಸುಳ್ಳೇಕೆ ಹೇಳಲಿ. ನಮ್ಮೂರಲ್ಲಿ ಹುಟ್ಟಿದವರು ಒಬ್ಬರ ನೆರಳನ್ನು ಕೈಯಾರೆ ತೆಳುಮಾಡುವುದೆಂದರೆ ಗಂಟಲು ಹಿಸುಕಿದ ಹಾಗೆಯೇ. ಗೋಡೆ ನನ್ನ ಕಣ್ಣೆದುರಿಗೆ "ಸುಖವಾಗಿದ್ದಾಳೆ" ಅನ್ನುತ್ತಿತ್ತು, ಕುರ್ಚಿಯಲ್ಲಿ ಕೂತ ಹೆಂಗಸು ನನ್ನನ್ನು ಅವ್ವಾ ಅನ್ನುತ್ತಿದ್ದಳು. ಒಂದನ್ನು ನಂಬಬೇಕಿತ್ತು.

"ಅಣ್ಣಾ," ಅಂದೆ, "ಗೋಡೆ ಬೈಯಲ್ಲ, ಅತ್ತಿಗೆ ಬೈತಾಳೆ. ನಂಗೆ ಬೈಯೋಳು ಬೇಕು."

ಅವನ ಬೆರಳು ಒಂದೊಂದಾಗಿ ಸಡಿಲವಾದವು. ನಾನು ತಿರುಗಿಸಿದೆ. ಗೋಲಿ ಇಳಿಯುತ್ತಾ ಬಂದು ಒಂದನೇ ಗೆರೆಯಲ್ಲಿ ನಿಂತಿತು.

ಕೆಂಚಮ್ಮ ಕಿರುಚಿದಳು. ಯಾಕೆಂದರೆ ಗೋಡೆಯ ಮೇಲೆ ಅಕ್ಕ ಅಳಿಸಿಹೋಗತೊಡಗಿದ್ದಳು. ಮೊದಲು ಓಲೆಯ ಅಂಚು ಕರಗಿತು. ಆಮೇಲೆ ಮೂಗಿನ ಗೆರೆ. ಕಾಡಿಗೆ ಹೋಗಿ ಹುಣಸೆಬೀಜ, ಹುಣಸೆಬೀಜ ಹೋಗಿ ಕಬ್ಬಿಣ. ಬಾಗಿಲ ಬದಿಯಲ್ಲಿ ಸೇರಿದ್ದ ಓಣಿಯವರಲ್ಲಿ ಯಾರೋ "ಹೋತು" ಅಂದರು. ಸಾಯುವವರ ನೆರಳನ್ನು ನಾವೆಲ್ಲ ನೋಡಿದವರೇ. ಅದು ಹೀಗೇ ಇಳಿಯುತ್ತದೆ, ಇಳಿದು ಇಳಿದು ಬರೀ ಗೋಡೆ ಉಳಿಯುತ್ತದೆ. ಕೂಸು ಹುಟ್ಟುವಾಗ ಮೂಡುವ ಬಣ್ಣಗಳೇ ಹಿಂದುಮುಂದಾಗಿ ನನ್ನ ಮುಂದೆ ಹಾಯುತ್ತಿದ್ದವು. ನಾನು ಅತ್ತಿಗೆಯ ಬೆನ್ನಿಗೆ ಕೈ ಕೊಟ್ಟು ನೇರ ಕೂರಿಸಿ "ಅತ್ತಿಗೆಮ್ಮಾ, ಅತ್ತಿಗೆಮ್ಮಾ" ಅನ್ನುತ್ತಿದ್ದೆ. ನನ್ನ ದನಿ ಅಳುವಿಗೆ ತಿರುಗಿತ್ತು.

"ಹಂಗೆ ಮೆತ್ತಗೆ ಕರೆದ್ರೆ ಅವಳು ಏಳ್ತಾಳೇನು, ಸರಿ ಅತ್ಲಾಗೆ!" ಅಂತ ತಿಪ್ಪಕ್ಕ ನನ್ನನ್ನು ಪಕ್ಕಕ್ಕೆ ನೂಕಿ ಅತ್ತಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಣ್ಣಲ್ಲಿ ಧಾರಾಕಾರ ನೀರು, ಬಾಯಲ್ಲಿ ಬೆಂಕಿ. "ಏ ಹಾಲೀ! ನಿನ್ನ ರಾಗಿಮುದ್ದೆ ತಿಂದು ನಿನ್ನ ಗಂಡನ ಹಲ್ಲು ಹೋದವು! ನೀನಿಕ್ಕಿದ ಉಪ್ಪಿನಕಾಯಿಗೆ ಹುಳಾನೂ ಬೀಳಲ್ಲ, ಅವಕ್ಕೂ ಮರ್ವಾದಿ ಐತೆ! ನಿನ್ನ ಮಂಡಕ್ಕಿ, ಕೇಳಿಸ್ತಾ, ನಿನ್ನ ಮಂಡಕ್ಕಿ ತೌಡಿನಂಗೆ ಇರ್ತಿತ್ತು! ನಾನು ತಗಂಡು ಹೋಗಿ ಎಮ್ಮಿಗೆ ಹಾಕ್ತಿದ್ದೆ! ಎಮ್ಮಿನೂ ಮೂಸಿ ಬಿಡ್ತಿತ್ತು!"

ನೆರಳು ಕಬ್ಬಿಣದಿಂದ ಬೂದಿಗೆ ಇಳಿಯಿತು. ನಾನು ಗೋಡೆಯನ್ನೇ ನೋಡುತ್ತಿದ್ದೆ. ಇಲ್ಲಿ ನಿಲ್ಲಬೇಕು. ಇಲ್ಲೇ ನಿಲ್ಲಬೇಕು. ಇದಕ್ಕಿಂತ ಕೆಳಗಿನ ಬಣ್ಣ ನನಗೆ ಬೇಡ. ತಿಪ್ಪಕ್ಕ ಬೈಗುಳ ಮುಗಿದು ಏದುಸಿರು ಬಿಡುತ್ತಿದ್ದಳು.

ನೆರಳು ನಿಂತಿತು. ಬೂದಿಯಲ್ಲೇ ನಿಂತಿತು, ಮಿಸುಕದೆ.

ಬಹಳ ಹೊತ್ತಾಯಿತೋ ಸ್ವಲ್ಪವೇ ಹೊತ್ತಾಯಿತೋ ಹೇಳಲಾರೆ. ಅತ್ತಿಗೆಯ ರೆಪ್ಪೆ ಅದುರಿತು. ಒಂದು ಉಸಿರು ತಗೊಂಡಳು. ಇನ್ನೊಂದು ತಗೊಂಡಳು. ಮೂರನೆಯದಕ್ಕೆ ಮಾತು ಬಂತು.

"ಎಮ್ಮಿ... ಮೂಸಿ ಬಿಟ್ಟಿದ್ದು... ನಿನ್ನ ಕೈ ವಾಸನಿಗೆ ಕಣೇ, ತಿಪ್ಪೀ."

ನಮ್ಮ ಓಣಿಯಲ್ಲಿ ಕೂಸು ಹುಟ್ಟಿದಾಗಲೂ ಅಂಥ ಕೂಗು ಎದ್ದಿದ್ದಿಲ್ಲ. ತಿಪ್ಪಕ್ಕ ಅವಳ ಮಡಿಲಲ್ಲಿ ತಲೆಯಿಟ್ಟು ಹೋ ಅಂತ ಅತ್ತಳು. ಅಣ್ಣ ಗೋಡೆಗೆ ಬೆನ್ನು ಮಾಡಿ ನಿಂತು ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಜುಬೇದಾ ಬಂದು, ಬೆರಳಿಗೆ ಮಷಿನ್ ಕಚ್ಚಿಸಿ, ತೊಂಬತ್ತು ಅಂದರು. ಆದರೂ ದೊಡ್ಡಾಸ್ಪತ್ರೆಗೆ ಹೋಗಲೇಬೇಕು, ಒಳಗೆ ಉಳಿದ ಗಾಳಿ ರಕ್ತ ತೆಗೆದು ನೋಡಿದರೇನೇ ಗೊತ್ತಾಗುವುದು ಅಂತ ಕರೆದುಕೊಂಡು ಹೋದರು. ಕೆಂಚಮ್ಮ ಅಕ್ಕನ ಜೊತೆ ಹೋದಳು. ಅಲ್ಲಿ ಅಕ್ಕ ತಂಗಿ ಏನು ಮಾತಾಡಿಕೊಂಡರೋ, ಎಷ್ಟು ಅತ್ತರೋ, ನನಗೆ ತಿಳಿಯದು. ವಾಪಸ್ ಬಂದಾಗ ನಳಿಗೆಯನ್ನು ತಂಗಿಯೇ ಕೈಯಲ್ಲಿ ಸುತ್ತಿ ಹಿಡಿದಿದ್ದಳು.

ಮರುದಿನ ಬೆಳಿಗ್ಗೆ ನಾನು ನೆರಳು ನೋಡಲು ಎದ್ದು ಬಂದರೆ, "ನೀನು ಅತ್ಲಾಗೆ ಸರಿ, ಇವತ್ತು ಅವಳು ನೋಡಲಿ," ಅಂದಳು ಅತ್ತಿಗೆ. ಗೋಡೆಯ ಮುಂದೆ ಬೂದಿ ಬಣ್ಣದ ನೆರಳು ಚೆಲ್ಲಿ ನಿಂತಳು. ಕೆಂಚಮ್ಮ ಹತ್ತಿರ ಹೋಗಿ ಬಗ್ಗಿ ನೋಡತೊಡಗಿದಳು. ಗೋಡೆಯ ಮೇಲೆ ಇರುವೆಸಾಲು ಹೊರಟಿತ್ತು, ಬಾಯಲ್ಲಿ ಮಂಡಕ್ಕಿಯ ಒಂದೊಂದು ಬಿಳಿ ಚೂರು ಕಚ್ಚಿಕೊಂಡು. ಕಪ್ಪು ನೆರಳಾಗಿದ್ದರೆ ಅವು ಅದರೊಳಗೆ ಹೊಕ್ಕು ಕಾಣದೇ ಹೋಗುತ್ತಿದ್ದವು. ಅತ್ತಿಗೆಯ ನೆರಳಿನೊಳಗೆ ಮಾತ್ರ ಅವು ಒಂದೊಂದೂ ಕಂಡವು. ಎದೆಯ ಜಾಗದಲ್ಲಿ ಹಾಯುವಾಗ, ಅವಳ ಉಸಿರು ಏರಿಳಿದಂತೆ ನೆರಳು ಅವುಗಳ ಮೇಲೆ ಬಂದು, ಸರಿದು, ಮತ್ತೆ ಬಂದು ಹೋಗುತ್ತಿತ್ತು. ಅವು ಅದರೊಳಗೇ ನಡೆದು ಆಚೆ ಬದಿ ಹೊರಬಂದವು.

"ಏನೇ, ಗೋಡೆ ನುಂಗ್ತೀಯೇನು? ಕಾಲು ನೋಯ್ತೈತೆ, ಬಣ್ಣ ಹೇಳು," ಅಂದಳು ಅತ್ತಿಗೆ.

ಕೆಂಚಮ್ಮ ತಿರುಗಲಿಲ್ಲ. "ತಡಿಯಕ್ಕಾ," ಅಂದಳು. "ಇನ್ನೂ ನೋಡ್ತಿದೀನಿ."